ಕುಟ್ಟಪ್ಪನ ಬದಲಿಗೆ

"ಬುದ್ಧಿ, ನನ್ನ ಜಾಗದಲ್ಲಿ ಯಾರನ್ನು ಕೂರಿಸಿ ಹೋಗಲಿ?" ಎಂದು ಮಹಾಂತಯ್ಯ ಮಠದ ಗುರುಗಳನ್ನು ಕೇಳಿದ.

ಮಹಾಂತಯ್ಯ ಮಠದ ಶಾಲೆಯ ಮುಖ್ಯೋಪಾಧ್ಯಾಯ. ಹದಿನಾರು ವರ್ಷಗಳಿಂದ ಶಾಲೆ ಅವನ ಮಾತಿನ ಮೇಲೆ ನಡೆದಿತ್ತು. ಈಗ ಅವನ ಮಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಮೂರು ತಿಂಗಳು ಶಾಲೆಯ ಕಡೆ ತಲೆ ಹಾಕುವಂತಿಲ್ಲ ಎಂದು ವೈದ್ಯರು ಹೇಳಿದ್ದರು. ಶಾಲೆಯಲ್ಲಿ ಇಬ್ಬರು ಹಿರಿಯ ಉಪಾಧ್ಯಾಯರಿದ್ದರು. ಅವನು ಇಬ್ಬರ ಹೆಸರನ್ನೂ ಗುರುಗಳ ಮುಂದೆ ಇಟ್ಟ. ಒಬ್ಬರ ಗುಣಗಳನ್ನು ವಿವರವಾಗಿ ಹೇಳಿದ. ಇನ್ನೊಬ್ಬರ ಹೆಸರನ್ನಷ್ಟೇ ಹೇಳಿ ಮುಗಿಸಿದ.

ಗುರುಗಳು ಕೇಳಿಸಿಕೊಂಡರು. "ಕೂತುಕೋ. ಮಂಡಿ ಮಡಿಸಬೇಡ, ಕಾಲು ಚಾಚಿಯೇ ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಕಾವಿ ಉಡುವ ಮೊದಲು ನಾನು ಕಾರುಗಳ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನು. ಅದು ನಿನಗೆ ಗೊತ್ತು. ಆದರೆ ಅವು ಸಾಮಾನ್ಯ ಕಾರುಗಳಲ್ಲ, ಓಟದ ಕಾರುಗಳು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ದೊರೆಸ್ವಾಮಿ ಎಂಬ ಯಜಮಾನರಿದ್ದರು. ಅವರದೊಂದು ತಂಡ. ಒಂದೇ ಕಾರು. ಅದನ್ನು ನೋಡಿಕೊಳ್ಳಲು ನಾವು ಹನ್ನೊಂದು ಮಂದಿ. ಓಡಿಸಲು ಒಬ್ಬ. ಅವನ ಹೆಸರು ಕುಟ್ಟಪ್ಪ. ಕೊಡಗಿನವನು. ಏಳು ವರ್ಷ ಆ ಕಾರನ್ನು ಅವನಲ್ಲದೆ ಬೇರೆ ಯಾರೂ ಓಡಿಸಿರಲಿಲ್ಲ. ಜನ ನಮ್ಮ ತಂಡದ ಹೆಸರನ್ನು ಹೇಳುತ್ತಿರಲಿಲ್ಲ. ಕುಟ್ಟಪ್ಪನ ಕಾರು ಎನ್ನುತ್ತಿದ್ದರು. ಅದರಲ್ಲಿ ತಪ್ಪೂ ಇರಲಿಲ್ಲ. ಬೇರೆಯವರು ಬ್ರೇಕ್ ಒತ್ತುವ ಕಡೆ ಅವನು ಇನ್ನೂ ವೇಗ ಹೆಚ್ಚಿಸುತ್ತಿದ್ದ. ನೋಡುವವರು ಉಸಿರು ಹಿಡಿಯುತ್ತಿದ್ದರು. ಕಾರು ತಿರುವು ದಾಟಿದ ಮೇಲೆ ಬಿಡುತ್ತಿದ್ದರು.

ವರ್ಷಕ್ಕೆ ಆರು ಓಟ, ಎಲ್ಲವೂ ಒಂದೇ ದಾರಿಯಲ್ಲಿ. ಮುಂದೆ ಬಂದ ಕಾರುಗಳಿಗೆ ಅಂಕ. ಕೊನೆಗೆ ಯಾವ ತಂಡದ ಅಂಕ ಹೆಚ್ಚೋ ಬಿರುದು ಆ ತಂಡಕ್ಕೆ. ಆ ವರ್ಷ ದೊರೆಸ್ವಾಮಿಗಳು ಮೊದಲೇ ಒಂದು ಮಾತು ಹೇಳಿದ್ದರು. "ನನಗೆ ಎಪ್ಪತ್ತು ದಾಟಿತು. ಈ ಸಲ ಬಿರುದು ಬಂದರೆ ತಂಡ ಮುಂದುವರಿಸುತ್ತೇನೆ. ಬರದಿದ್ದರೆ ಗ್ಯಾರೇಜಿನ ಬಾಗಿಲು ಹಾಕುತ್ತೇನೆ." ಅವರು ಆಡಿದ ಮಾತನ್ನು ತಪ್ಪುವವರಲ್ಲ. ನಾವು ಹನ್ನೊಂದು ಮಂದಿಯೂ ಮೈ ಮುರಿದು ದುಡಿದೆವು. ನಾಲ್ಕು ಓಟ ಮುಗಿದಾಗ ನಮ್ಮ ತಂಡವೇ ಎಲ್ಲರಿಗಿಂತ ಮುಂದಿತ್ತು.

ಆಗ ಕುಟ್ಟಪ್ಪ ಬಿದ್ದ.

ಓಟದಲ್ಲಿ ಬೀಳಲಿಲ್ಲ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಅವನಿಗೆ ಏನೂ ಆಗಿರಲಿಲ್ಲ. ತನ್ನ ಊರಿನಲ್ಲಿ, ತಂಗಿಯ ಸ್ಕೂಟರಿನಲ್ಲಿ, ಮೊಟ್ಟೆ ತರಲು ಹೋಗುವಾಗ ಕೋಳಿಯೊಂದು ಅಡ್ಡ ಬಂತು. ಕೋಳಿ ಉಳಿಯಿತು. ಕುಟ್ಟಪ್ಪನ ಬಲ ಮಣಿಕಟ್ಟು ಮುರಿಯಿತು. ಭುಜದ ಮೂಳೆಯೂ ಬಿರುಕು ಬಿಟ್ಟಿತು. ಮೂರು ತಿಂಗಳು ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂದು ವೈದ್ಯರು ಹೇಳಿದರು. ಐದನೇ ಓಟಕ್ಕೆ ಮೂರು ವಾರ ಉಳಿದಿತ್ತು. ಆರನೆಯದಕ್ಕೆ ಏಳು ವಾರ.

ದೊರೆಸ್ವಾಮಿಗಳು ಕುಟ್ಟಪ್ಪನನ್ನು ಕರೆಸಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಅವನು ಬಂದ.

"ಈ ಕಾರಿನ ಮರ್ಮ ನಿನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ನಿನ್ನ ಬದಲಿಗೆ ಯಾರು ಎಂಬುದನ್ನು ನೀನೇ ಆರಿಸು. ನೀನು ಯಾರನ್ನು ಹೇಳುತ್ತೀಯೋ ಅವರೇ ಓಡಿಸಲಿ" ಎಂದರು.

ಅದು ದೊಡ್ಡ ಗೌರವ. ಕುಟ್ಟಪ್ಪ ತಲೆಬಾಗಿ ಒಪ್ಪಿಕೊಂಡ.

ಇಬ್ಬರು ಬಂದರು. ಒಬ್ಬ ಜಯದೇವ. ದಾವಣಗೆರೆಯ ಕಡೆಯವನು. ಸಣ್ಣ ಓಟಗಳಲ್ಲಿ ಹೆಸರು ಮಾಡಿದ್ದ. ಕುಟ್ಟಪ್ಪನೆಂದರೆ ಅವನಿಗೆ ದೇವರು. ಇನ್ನೊಬ್ಬಳು ಹೇಮಾವತಿ. ಹಾಸನದವಳು. ಅಲ್ಲಿ ಕಾರು ಕಲಿಸುವ ಶಾಲೆ ನಡೆಸುತ್ತಿದ್ದಳು. ಹಿಂದೊಮ್ಮೆ ಒಂದು ಓಟದಲ್ಲಿ ಹಳೆಯ ಕಾರೊಂದನ್ನು ಓಡಿಸಿ ಎಂಟು ಸುತ್ತು ಕುಟ್ಟಪ್ಪನ ಬೆನ್ನು ಬಿಡದೆ ಬಂದಿದ್ದಳು. ಅದನ್ನು ಬೇರೆಯವರು ಮರೆತಿದ್ದರು. ಕುಟ್ಟಪ್ಪ ಮರೆತಿರಲಿಲ್ಲ.

ಪರೀಕ್ಷೆಯ ದಿನ ಇಬ್ಬರಿಗೂ ಹತ್ತು ಹತ್ತು ಸುತ್ತು. ಹೊತ್ತು ಅಳೆಯುವ ಗಡಿಯಾರ ನನ್ನ ಕೈಯಲ್ಲಿತ್ತು.

ಮೊದಲು ಜಯದೇವ ಓಡಿಸಿದ. ಕುಟ್ಟಪ್ಪ ಒಂದು ಸುತ್ತಿಗೆ ತೆಗೆದುಕೊಳ್ಳುವ ಹೊತ್ತಿಗಿಂತ ಅವನು ಮೂರು ಸೆಕೆಂಡು ಹೆಚ್ಚು ತೆಗೆದುಕೊಂಡ. ಓಟದಲ್ಲಿ ಮೂರು ಸೆಕೆಂಡು ಎಂದರೆ ಬಹಳ. ಅವನು ಇಳಿದು ಬಂದು ಕುಟ್ಟಪ್ಪನ ಕಾಲು ಮುಟ್ಟಿದ. "ಅಣ್ಣ, ಕಾರು ನೀವು ಹೇಗೆ ಇಟ್ಟಿದ್ದೀರೋ ಹಾಗೇ ಇರಲಿ. ನಾನು ಯಾವುದನ್ನೂ ಬದಲಿಸುವುದಿಲ್ಲ" ಎಂದ.

ಆಮೇಲೆ ಹೇಮಾವತಿ ಓಡಿಸಿದಳು. ಅವಳು ಹೆಚ್ಚು ತೆಗೆದುಕೊಂಡದ್ದು ಅರ್ಧ ಸೆಕೆಂಡು ಮಾತ್ರ. ಇಳಿದು ಬಂದು ಹೆಲ್ಮೆಟ್ ತೆಗೆದಳು. "ಕುಟ್ಟಪ್ಪನವರೇ, ಬ್ರೇಕ್ ಒತ್ತಿದಾಗ ಹಿಂಬದಿ ಜಾರುತ್ತಿದೆ. ಮುಂದಿನ ಚಕ್ರಗಳಿಗೆ ಬ್ರೇಕ್ ಇನ್ನೂ ಸ್ವಲ್ಪ ಹೆಚ್ಚು ಸಿಗಬೇಕು. ಅದನ್ನು ಸರಿ ಮಾಡಿದರೆ ಈ ಕಾರು ಇನ್ನೂ ಬೇಗ ಓಡುತ್ತದೆ" ಎಂದಳು.

ನಾವೆಲ್ಲ ಕುಟ್ಟಪ್ಪನ ಮುಖ ನೋಡಿದೆವು. ಹಿಂಬದಿ ಜಾರುವುದು ನಮಗೆ ಗೊತ್ತಿತ್ತು. ಅದು ಕುಟ್ಟಪ್ಪನ ಇಷ್ಟ. ತಿರುವಿನಲ್ಲಿ ಕಾರಿನ ಹಿಂಬದಿ ಜಾರಬೇಕು, ತಾನು ಅದನ್ನು ಹಿಡಿದು ನಿಲ್ಲಿಸಬೇಕು. ಹಾಗೆ ಹಿಡಿಯುವ ಕೈ ಅವನೊಬ್ಬನಿಗೆ ಇತ್ತು.

"ಏಳು ವರ್ಷ ಹೀಗೇ ಓಡಿದೆ" ಎಂದ ಕುಟ್ಟಪ್ಪ. ಅಷ್ಟೇ ಹೇಳಿ ಒಳಗೆ ಹೋದ.

ಸಂಜೆ ತನ್ನ ಆಯ್ಕೆ ತಿಳಿಸಿದ. ಜಯದೇವ. "ಹೇಮಾವತಿ ವೇಗವಾಗಿ ಓಡಿಸುತ್ತಾಳೆ, ಇಲ್ಲ ಎನ್ನುವುದಿಲ್ಲ. ಆದರೆ ಬಂದ ದಿನವೇ ಕಾರಿನಲ್ಲಿ ತಪ್ಪು ಹುಡುಕುವವರನ್ನು ನಂಬುವುದು ಕಷ್ಟ. ಜಯದೇವನಿಗೆ ವಿನಯವಿದೆ. ತಂಡಕ್ಕೆ ಹೊಂದಿಕೊಳ್ಳುತ್ತಾನೆ" ಎಂದ.

ಮಾತು ನ್ಯಾಯವಾಗಿಯೇ ಕೇಳಿಸಿತು. ದೊರೆಸ್ವಾಮಿಗಳು ನನ್ನ ಕಡೆ ನೋಡಿದರು. ಗಡಿಯಾರ ಏನು ಹೇಳಿತ್ತು ಎಂಬುದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಕುಟ್ಟಪ್ಪನ ಎದುರು ಮಾತಾಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೇಮಾವತಿ ನಮಸ್ಕಾರ ಹೇಳಿ ಹಾಸನದ ಬಸ್ಸು ಹತ್ತಿದಳು.

ಐದನೇ ಓಟ ಬಂತು. ಜಯದೇವ ಕುಟ್ಟಪ್ಪನಂತೆಯೇ ಓಡಿಸಿದ. ಕುಟ್ಟಪ್ಪ ಎಲ್ಲಿ ಬ್ರೇಕ್ ಒತ್ತುತ್ತಿದ್ದನೋ ಅಲ್ಲಿಯೇ ಒತ್ತಿದ. ಎಲ್ಲಿ ಗೇರ್ ಬದಲಿಸುತ್ತಿದ್ದನೋ ಅಲ್ಲಿಯೇ ಬದಲಿಸಿದ. ಎಲ್ಲ ಸರಿಯಾಗಿತ್ತು. ಆದರೂ ಕಾರು ಹಿಂದೆ ಉಳಿಯಿತು. ಏಳನೆಯವನಾದ, ಎಂಟನೆಯವನಾದ, ಒಂಬತ್ತನೆಯವನಾದ. ನೋಡುವವರು ಗೊಣಗಿದರು. "ಕುಟ್ಟಪ್ಪ ಇರಬೇಕಿತ್ತು" ಎಂದು ಒಬ್ಬ ಜೋರಾಗಿ ಹೇಳಿದ. "ಅವನಿಲ್ಲದೆ ಈ ಕಾರು ಬರೀ ತಗಡು" ಎಂದ ಇನ್ನೊಬ್ಬ.

ಕುಟ್ಟಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ಆ ಮಾತುಗಳು ಅವನ ಕಿವಿಗೂ ಬಿದ್ದವು. ಮುಖದಲ್ಲಿ ದುಃಖವಿತ್ತು. ಆದರೆ ತುಟಿಯ ಕೊನೆಯಲ್ಲಿ ಬೇರೆ ಏನೋ ಇತ್ತು. ಆಗ ಅದು ಏನೆಂದು ನನಗೆ ತಿಳಿಯಲಿಲ್ಲ. ಮುಂದೆ ಅವನೇ ಹೇಳಿದ. "ಆ ಮಾತು ಕೇಳಿದಾಗ ನನ್ನೊಳಗೆ ಬೆಲ್ಲ ಕರಗಿದ ಹಾಗಾಯಿತು" ಎಂದ.

ಮಹಾಂತಯ್ಯ ತಲೆ ತಗ್ಗಿಸಿ ಕೇಳುತ್ತಿದ್ದ. "ಓಟದಲ್ಲಿ ಸೋತಿರೇ ಬುದ್ಧಿ?" ಎಂದ.

"ಸೋತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು" ಎಂದು ಗುರುಗಳು ಮುಂದುವರಿಸಿದರು.

ಕೊನೆಯ ಸುತ್ತಿನಲ್ಲಿ ಜಯದೇವ ಮೂರನೇ ತಿರುವಿಗೆ ಬಂದ. ಅಲ್ಲಿ ಕುಟ್ಟಪ್ಪ ಎಲ್ಲರಿಗಿಂತ ತಡವಾಗಿ ಬ್ರೇಕ್ ಒತ್ತುತ್ತಿದ್ದ. ಜಯದೇವನೂ ತಡವಾಗಿ ಒತ್ತಿದ. ಹಿಂಬದಿ ಜಾರಿತು. ಹಿಡಿಯಲು ಅವನಿಗೆ ಕುಟ್ಟಪ್ಪನ ಕೈ ಇರಲಿಲ್ಲ. ಕಾರು ಎರಡು ಸಲ ತಿರುಗಿ ಗೋಡೆಗೆ ಬಡಿಯಿತು. ಸದ್ದು ಕೇಳಿಸಿತು. ಆಮೇಲೆ ಧೂಳು. ಏನೂ ಕಾಣಿಸಲಿಲ್ಲ.

ನಾವು ಓಡಿದೆವು. ಒಂದು ಕೈ ಕಟ್ಟಿಕೊಂಡಿದ್ದ ಕುಟ್ಟಪ್ಪ ನಮಗಿಂತ ಮೊದಲು ಅಲ್ಲಿದ್ದ. ಜಯದೇವ ಬದುಕಿದ್ದ. ಎರಡು ಪಕ್ಕೆಲುಬು ಮುರಿದಿದ್ದವು. ಅವನನ್ನು ಎಳೆದು ಹೊರಗೆ ಕೂರಿಸಿದೆವು. ಅವನು ಕುಟ್ಟಪ್ಪನನ್ನೇ ನೋಡುತ್ತ ಹೇಳಿದ:

"ಅಣ್ಣ, ಕ್ಷಮಿಸಿ. ಹಿಂಬದಿ ಜಾರುವುದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ನೀವು ಇಟ್ಟದ್ದು, ಅದು ಸರಿಯೇ ಇರಬೇಕು, ತಪ್ಪು ನನ್ನದೇ ಅಂದುಕೊಂಡೆ."

ಕುಟ್ಟಪ್ಪ ಅಲ್ಲೇ ನೆಲದ ಮೇಲೆ ಅವನ ಪಕ್ಕ ಕುಳಿತುಬಿಟ್ಟ. ಆಂಬುಲೆನ್ಸ್ ಬರುವವರೆಗೂ ಎಡಗೈಯಿಂದ ಅವನ ಕೈ ಹಿಡಿದುಕೊಂಡಿದ್ದ.

ಮರುದಿನ ದೊರೆಸ್ವಾಮಿಗಳ ಮನೆಗೆ ಹೋದ. ನಾನೂ ಅಲ್ಲಿದ್ದೆ. ಒಡೆದ ಕಾರನ್ನು ಸರಿ ಮಾಡುವುದು ಹೇಗೆ ಎಂದು ನಾವು ಮಾತಾಡುತ್ತಿದ್ದೆವು. ಕುಟ್ಟಪ್ಪ ಕೂರಲಿಲ್ಲ.

"ಯಜಮಾನರೇ, ಜಯದೇವನನ್ನು ಆರಿಸಿದ್ದು ನಾನು."

"ತಪ್ಪು ಯಾರಿಗಾದರೂ ಆಗುತ್ತದೆ ಕುಟ್ಟಪ್ಪ" ಎಂದರು ಯಜಮಾನರು.

"ತಪ್ಪಾಗಿ ಆರಿಸಲಿಲ್ಲ. ಗೊತ್ತಿದ್ದೇ ಆರಿಸಿದೆ. ಹೇಮಾವತಿ ನನಗಿಂತ ಚೆನ್ನಾಗಿ ಓಡಿಸಿಬಿಡುತ್ತಾಳೆ ಎಂದು ಹೆದರಿದೆ. ಜಯದೇವನಾದರೆ ನನ್ನನ್ನು ಮೀರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಅವನನ್ನು ಕೂರಿಸಿದೆ. ಅವನು ಸಾಯಬಹುದಿತ್ತು."

ದೊರೆಸ್ವಾಮಿಗಳು ಬಯ್ಯುತ್ತಾರೆ ಎಂದು ನಾನು ಕಾದೆ. ಬಯ್ಯಲಿಲ್ಲ. "ಈ ಮಾತನ್ನು ಹೇಳಲು ಮೂರನೇ ತಿರುವಿಗಿಂತ ಹೆಚ್ಚು ಧೈರ್ಯ ಬೇಕು. ಈಗ ಹಾಸನಕ್ಕೆ ಹೋಗು. ಫೋನ್ ಮಾಡಬೇಡ. ನೀನೇ ಹೋಗಿ ಕರಿ" ಎಂದರು.

ಕುಟ್ಟಪ್ಪ ಕಾರು ಓಡಿಸುವಂತಿರಲಿಲ್ಲ. ಬಸ್ಸಿನಲ್ಲಿ ಹೋದ. ಜೊತೆಗೆ ನಾನು ಹೋದೆ. ಹೇಮಾವತಿ ಒಬ್ಬ ಅಜ್ಜಿಗೆ ಕಾರು ಕಲಿಸುತ್ತಿದ್ದಳು. ಅಜ್ಜಿ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವವರೆಗೂ ಕುಟ್ಟಪ್ಪ ಬಿಸಿಲಿನಲ್ಲಿ ನಿಂತ. ಅವನಿಗೆ ಹಾಗೆ ನಿಂತು ಅಭ್ಯಾಸವಿರಲಿಲ್ಲ.

ಹೇಮಾವತಿ ಇಳಿದು ಬಂದಳು. ಜಯದೇವನ ಆರೋಗ್ಯ ವಿಚಾರಿಸಿದಳು. ಆಮೇಲೆ ನೇರವಾಗಿ ಕೇಳಿದಳು.

"ಅವತ್ತು ಬೇಡ ಎಂದಿರಿ. ಇವತ್ತು ಏಕೆ ಬಂದಿರಿ?"

"ಅವತ್ತು ನಿಮ್ಮನ್ನು ಕಂಡು ಹೆದರಿದ್ದೆ" ಎಂದ ಕುಟ್ಟಪ್ಪ.

"ಇವತ್ತು?"

"ಇವತ್ತೂ ಹೆದರಿಕೆ ಇದೆ. ಆದರೂ ಬಂದೆ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಕ್ಕಳು. ಅದು ಗೇಲಿಯ ನಗುವಲ್ಲ. "ಹಾಗಾದರೆ ಎರಡು ಮಾತು. ಬ್ರೇಕ್ ನನ್ನ ಕಾಲಿಗೆ ಒಗ್ಗುವ ಹಾಗೆ ಬದಲಾಗಬೇಕು. ಆ ದಾರಿಯ ಬಗ್ಗೆ ನಿಮಗೆ ಏನೇನು ಗೊತ್ತೋ ಅಷ್ಟನ್ನೂ ನನಗೆ ಹೇಳಬೇಕು. ಒಂದನ್ನೂ ಮುಚ್ಚಿಡಬಾರದು."

ಮೊದಲನೆಯದಕ್ಕೆ ಕುಟ್ಟಪ್ಪ ತಕ್ಷಣ ಒಪ್ಪಿದ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಓಡಿಸುವವನಿಗೆ ದಾರಿಯ ಗುಟ್ಟು ಎಂದರೆ ಅವನ ಆಯುಷ್ಯದ ಗಳಿಕೆ. ಆದರೆ ಅದಕ್ಕೂ ಒಪ್ಪಿದ.

ನಾವು ಹನ್ನೊಂದು ಮಂದಿ ಹತ್ತೊಂಬತ್ತು ದಿನದಲ್ಲಿ ಕಾರನ್ನು ಮತ್ತೆ ಓಡುವ ಹಾಗೆ ಮಾಡಿದೆವು. ಬ್ರೇಕ್ ಬದಲಾಯಿಸುವಾಗ ಕುಟ್ಟಪ್ಪನೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ಏಳು ವರ್ಷ ತಾನು ಕಟ್ಟಿಕೊಂಡಿದ್ದನ್ನು ತಾನೇ ಬಿಚ್ಚಿಸಿದ. ಹೇಮಾವತಿ ದಿನವೂ ಓಡಿಸಿದಳು. ಅವಳು ಇಳಿದಾಗಲೆಲ್ಲ ಇಬ್ಬರೂ ಕೂತು ಮಾತಾಡುತ್ತಿದ್ದರು. ಒಮ್ಮೊಮ್ಮೆ ಜೋರಾಗಿ ಜಗಳವಾಡುತ್ತಿದ್ದರು. ನಾಲ್ಕನೇ ತಿರುವಿಗೆ ಯಾವ ಗೇರ್ ಎಂಬ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದೂ ಉಂಟು. ಜಗಳದಲ್ಲಿ ಅವಳೇ ಗೆದ್ದಳು. ಗಡಿಯಾರ ಅವಳ ಪರವಾಗಿತ್ತು.

ಓಟದ ಹಿಂದಿನ ದಿನ ಕುಟ್ಟಪ್ಪ ಅವಳನ್ನು ಐದನೇ ತಿರುವಿಗೆ ನಡೆಸಿಕೊಂಡು ಹೋದ. ಬಗ್ಗಿ ನೆಲವನ್ನು ಬೆರಳಿನಿಂದ ಸವರಿ ತೋರಿಸಿದ. "ಮಧ್ಯಾಹ್ನ ಕಳೆದರೆ ಪಡುವಣ ಗಾಳಿ ಏಳುತ್ತದೆ. ಮರಳು ತಂದು ಒಳಮಗ್ಗುಲಿಗೆ ಹಾಕುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಲ್ಲರೂ ಒಳಗಿಂದಲೇ ತಿರುಗಿಸಿ ಜಾರುತ್ತಾರೆ, ಟೈರ್ ಸವೆದಿದೆ ಅಂದುಕೊಳ್ಳುತ್ತಾರೆ. ನೀವು ಮೂರು ಅಡಿ ಹೊರಗಿನಿಂದ ಹೋಗಿ." ಆ ಮಾತನ್ನು ಅವನು ಅಲ್ಲಿಯವರೆಗೆ ನಮಗೂ ಹೇಳಿರಲಿಲ್ಲ.

ಕೊನೆಯ ಓಟ. ಹಿಂದಿನ ಸಲ ಅಂಕ ಸಿಗದ ಕಾರಣ ನಾವು ಎರಡನೇ ಸ್ಥಾನಕ್ಕೆ ಇಳಿದಿದ್ದೆವು. ಬಿರುದು ಬರಬೇಕಾದರೆ ಹೇಮಾವತಿ ಮೊದಲ ಇಬ್ಬರಲ್ಲಿ ಒಬ್ಬಳಾಗಬೇಕಿತ್ತು. ಆರನೆಯವಳಾಗಿ ಹೊರಟಳು.

ಮೊದಲ ಹತ್ತು ಸುತ್ತಿನಲ್ಲಿ ಒಬ್ಬನನ್ನು ಮಾತ್ರ ದಾಟಿದಳು. ಅವಸರ ಮಾಡಲಿಲ್ಲ. ಹನ್ನೊಂದನೇ ಸುತ್ತಿಗೆ ಗಾಳಿ ಎದ್ದಿತು. ಐದನೇ ತಿರುವಿನಲ್ಲಿ ಮುಂದಿನವರ ಕಾರುಗಳು ಒಂದೊಂದಾಗಿ ಅಲುಗಾಡತೊಡಗಿದವು. ಹೇಮಾವತಿ ಮೂರು ಅಡಿ ಹೊರಗಿನಿಂದ ಬಂದು ಒಬ್ಬನನ್ನು ದಾಟಿದಳು. ಎರಡು ಸುತ್ತು ಕಳೆದ ಮೇಲೆ ಅಲ್ಲಿಯೇ ಇನ್ನೊಬ್ಬನನ್ನು ದಾಟಿದಳು. ಈಗ ಮೂರನೆಯವಳು. ಇನ್ನು ಎರಡು ಸುತ್ತು ಉಳಿದಿತ್ತು.

ಮುಂದಿದ್ದವನು ಹಳಬ. ಅವನು ಐದನೇ ತಿರುವಿನ ಗುಟ್ಟನ್ನು ಕನ್ನಡಿಯಲ್ಲಿ ಅವಳನ್ನು ನೋಡಿಯೇ ಕಲಿತುಬಿಟ್ಟಿದ್ದ. ಅವನೂ ಹೊರಗಿನಿಂದಲೇ ಹೋದ. ಅವಳಿಗೆ ದಾರಿ ಇರಲಿಲ್ಲ. ಕೊನೆಯ ಸುತ್ತಿನಲ್ಲಿ ಮೂರನೇ ತಿರುವಿಗೆ ಇಬ್ಬರೂ ಒಟ್ಟಿಗೆ ಬಂದರು. ಅಲ್ಲಿ ಕುಟ್ಟಪ್ಪ ಎಲ್ಲಿ ಬ್ರೇಕ್ ಒತ್ತುತ್ತಿದ್ದನೋ ಅದು ನನಗೆ ಚೆನ್ನಾಗಿ ಗೊತ್ತು. ಹೇಮಾವತಿ ಆ ಜಾಗವನ್ನು ದಾಟಿದಳು. ಇನ್ನೂ ಒತ್ತಲಿಲ್ಲ. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಕಾರು ಜಾರದೆ ನೇರವಾಗಿ ತಿರುವಿನಿಂದ ಹೊರಗೆ ಬರುತ್ತಿತ್ತು. ಹಳಬ ಅವಳ ಹಿಂದಿದ್ದ.

ಎರಡನೆಯವಳಾಗಿ ಬಂದಳು. ಬಿರುದು ನಮ್ಮದಾಯಿತು. ಜನ ಬೇಲಿ ಹತ್ತಿ ಹೇಮಾವತಿಯ ಹೆಸರು ಕೂಗಿದರು. ಕುಟ್ಟಪ್ಪ ಇರಬೇಕಿತ್ತು ಎಂದು ಆ ದಿನ ಯಾರೂ ಹೇಳಲಿಲ್ಲ. ಪಕ್ಕೆಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಜಯದೇವ ನಗಲಾರದೆ ನಗುತ್ತಿದ್ದ. ದೊರೆಸ್ವಾಮಿಗಳು ಟೋಪಿ ತೆಗೆದು ಮುಖ ಮುಚ್ಚಿಕೊಂಡಿದ್ದರು.

ನಾನು ಗಡಿಯಾರವನ್ನು ಜೇಬಿಗೆ ಸೇರಿಸಲು ಹೋದೆ. ಕೊನೆಯ ಸುತ್ತನ್ನು ಮುಗಿಸಲು ಹೇಮಾವತಿ ತೆಗೆದುಕೊಂಡ ಹೊತ್ತು ಅದರಲ್ಲಿತ್ತು. ಅಲ್ಲಿಯವರೆಗೆ ಆ ದಾರಿಯಲ್ಲಿ ಎಲ್ಲರಿಗಿಂತ ಬೇಗ ಸುತ್ತು ಹಾಕಿದವನು ಕುಟ್ಟಪ್ಪ. ಈಗ ಅಲ್ಲ. ಕುಟ್ಟಪ್ಪ ಎಡಗೈ ಚಾಚಿದ. ಗಡಿಯಾರ ತೋರಿಸಿದೆ. ಅವನು ಅದನ್ನು ಎರಡು ಸಲ ಓದಿದ. ನಾನು ಅವನ ಮುಖ ನೋಡಲು ಹಿಂಜರಿದೆ. ಆದರೆ ಅವನು ನನ್ನ ಹೆಗಲು ತಟ್ಟಿ ನಕ್ಕ.

"ನಮ್ಮ ಕಾರು ಇಷ್ಟು ಬೇಗ ಓಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲವಲ್ಲ" ಎಂದ.

ಆ ನಗುವಿನಲ್ಲಿ ನಾನು ಕೊಂಕು ಹುಡುಕಿದೆ. ಇರಲಿಲ್ಲ. ಆಮೇಲೆ ಅವನು ನನಗೆ ಇನ್ನೊಂದು ಮಾತು ಹೇಳಿದ. ಆ ಓಟ ನಡೆದಷ್ಟು ಹೊತ್ತು ಅವನ ಕೈ ನೋಯಲಿಲ್ಲವಂತೆ. ತನಗೆ ಕೈ ಮುರಿದಿದೆ ಎಂಬುದೇ ಮರೆತುಹೋಗಿತ್ತಂತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಂತಯ್ಯ ಮುಂದಿನ ಮಾತಿಗೆ ಕಾದ. ಬರಲಿಲ್ಲ. ಕೊನೆಗೆ ತಾನೇ ಕೇಳಿದ.

"ಬುದ್ಧಿ, ಕೈ ಗುಣವಾದ ಮೇಲೆ ಕುಟ್ಟಪ್ಪನ ಜಾಗ ಅವನಿಗೆ ಮರಳಿ ಸಿಕ್ಕಿತೇ?"

"ಜಯದೇವನನ್ನು ಆರಿಸಿದ ದಿನ ಕುಟ್ಟಪ್ಪನೂ ತನ್ನನ್ನು ತಾನು ಇದೊಂದನ್ನೇ ಕೇಳಿಕೊಂಡಿದ್ದ" ಎಂದರು ಗುರುಗಳು.